ನಕ್ಷೆಯ ನಡುವೆ ಐದು ಟಿಕಳಿ

ಬಸ್ಸಿನ ಕಿಟಕಿಯ ಸೀಟಿಗಾಗಿ ಐವತ್ತೆರಡು ವರ್ಷದ ಹೆಂಗಸೊಬ್ಬಳು ಹೊಟ್ಟೆ ಉರಿದುಕೊಳ್ಳುತ್ತಾಳೆಯೇ ಎಂದು ಯಾರಾದರೂ ಕೇಳಿದರೆ, ಉರಿದುಕೊಳ್ಳುತ್ತಾಳೆ ಎಂದೇ ಹೇಳುತ್ತೇನೆ. ನಾನು ಉರಿದುಕೊಂಡಿದ್ದೇನೆ. ಅದೂ ಒಂದು ದಿನವಲ್ಲ, ಎರಡು ವರ್ಷದ ಹಿಂದೆ ಜೂನಿನಿಂದ ಸೆಪ್ಟೆಂಬರ್‌ವರೆಗೆ, ಸೂಟಿ ಬಿಟ್ಟು ಪ್ರತಿದಿನ.

ನಾನು ಖಾನಾಪುರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮನೆ ಬೆಳಗಾವಿಯ ಹಿಂದವಾಡಿಯಲ್ಲಿ. ನನ್ನ ಗೆಳತಿ ಅದೇ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಅವಳ ಮನೆ ನೆಹರು ನಗರದಲ್ಲಿ. ಅವಳು ಬಸ್ ಸ್ಟ್ಯಾಂಡಿನಲ್ಲೇ ಖಾನಾಪುರದ ಬಸ್ಸು ಹತ್ತಿ, ಪಕ್ಕದ ಕಿಟಕಿಯ ಸೀಟಿನ ಮೇಲೆ ತನ್ನ ಡಬ್ಬಿಯ ಚೀಲವಿಟ್ಟು ಕೂರುತ್ತಿದ್ದಳು. ನಾನು ಮೂರನೇ ರೈಲ್ವೆ ಗೇಟಿನ ಹತ್ತಿರ ಹತ್ತಿದ ಕೂಡಲೇ ಚೀಲ ಅವಳ ತೊಡೆಯ ಮೇಲೆ, ನಾನು ಕಿಟಕಿಯ ಬದಿಗೆ. ಹನ್ನೊಂದು ವರ್ಷ ಹೀಗೆ ನಡೆದಿತ್ತು. ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲೆ ಕಾಲಿಡಲು ಜಾಗವಿಲ್ಲ, ಆದರೂ ಆ ಗದ್ದಲದಲ್ಲಿ ನನ್ನ ಸೀಟು ಉಳಿಯುತ್ತಿತ್ತು. ಯಾರು ಎಷ್ಟು ಬೈದರೂ ಅವಳು ಚೀಲ ತೆಗೆಯುತ್ತಿರಲಿಲ್ಲ. ಉಳಿದ ವಿಷಯದಲ್ಲಿ ಮೆತ್ತಗಿನ ಮಾತಿನ ಹೆಂಗಸು, ನನ್ನ ಸೀಟಿನ ವಿಷಯದಲ್ಲಿ ಮಾತ್ರ ಜಗಳಗಂಟಿ.

ನಾನೇನು ಬರೀ ಕೂತು ಬಂದವಳಲ್ಲ. ಅವಳು ಜೈನರವಳು, ಉಳ್ಳಾಗಡ್ಡಿ, ಬಳ್ಳೊಳ್ಳಿ ಮುಟ್ಟುವುದಿಲ್ಲ. ನಮ್ಮ ಲಿಂಗಾಯತರ ಅಡುಗೆಯಲ್ಲಿ ಬಳ್ಳೊಳ್ಳಿ ಇಲ್ಲದೆ ಚಟ್ನಿಪುಡಿಯೂ ಆಗುವುದಿಲ್ಲ. ಅದಕ್ಕೆ ಹನ್ನೊಂದು ವರ್ಷ ದಿನಾ ಮುಂಜಾನೆ ಎರಡು ಒಗ್ಗರಣೆ ಹಾಕಿದ್ದೇನೆ: ಮನೆಯವರಿಗೊಂದು, ಅವಳ ಪಾಲಿಗೊಂದು. ನನ್ನ ಗಂಡ ಪೇಪರ್ ಓದುತ್ತ, ನೀನು ಲಗ್ನವಾಗಿದ್ದು ನನ್ನ ಜೋಡಿಯೋ ಆಕೆಯ ಜೋಡಿಯೋ ಎಂದು ಚೇಷ್ಟೆ ಮಾಡುತ್ತಿದ್ದರು.

ನಮ್ಮಿಬ್ಬರದು ಅಂತ ಶಾಲೆಯಲ್ಲಿ ಒಂದು ವಸ್ತುವಿತ್ತು. ಎಂಟನೆಯ ತರಗತಿಯ ಗೋಡೆಗೆ ನೇತುಹಾಕಿದ ಜಗತ್ತಿನ ದೊಡ್ಡ ನಕ್ಷೆ. ಒಂದು ಬೇಸಿಗೆಯ ಮಧ್ಯಾಹ್ನ ಗೆಳತಿ ಬೆವತು, ಮುಖ ತೊಳೆದುಕೊಂಡು ಬಂದು, ಹಣೆಯಿಂದ ತೆಗೆದ ಕರಿ ಟಿಕಳಿಯನ್ನು ಎಲ್ಲಿಡಲಿ ಎಂದು ನೋಡಿ, ಎದುರಿಗಿದ್ದ ಆ ನಕ್ಷೆಗೆ ಅಂಟಿಸಿಬಿಟ್ಟಳು. ಅದು ಹೋಗಿ ಕೂತದ್ದು ಜಪಾನಿನ ಮೇಲೆ. ಆ ವಾರವಷ್ಟೇ ಜಪಾನಿನ ಭೂಕಂಪದ ಸುದ್ದಿ ಪೇಪರಿನಲ್ಲಿ ಬಂದಿತ್ತು. ಇಬ್ಬರೂ ನಕ್ಕೆವು. ಆಮೇಲೆ ನಗು ನಿಂತು, ಇದನ್ನೇ ಯಾಕೆ ಮುಂದುವರಿಸಬಾರದು ಎಂದು ನನಗೆ ಹೊಳೆಯಿತು.

ಅವತ್ತಿನಿಂದ ಪೇಪರಿನಲ್ಲಿ ಎಲ್ಲಿ ಭೂಕಂಪ ಎಂದು ಓದಿದರೂ ಅಲ್ಲೊಂದು ಕರಿ ಟಿಕಳಿ, ಎಲ್ಲಿ ಜ್ವಾಲಾಮುಖಿ ಕಾರಿತು ಎಂದು ಓದಿದರೂ ಅಲ್ಲೊಂದು ಕೆಂಪು. ಖಡೇ ಬಜಾರಿನಿಂದ ಪಾಕೀಟು ತರುವವಳು ಅವಳು, ಜಾಗ ಹುಡುಕಿ ಹಚ್ಚುವವಳು ನಾನು. ಎರಡು ಮೂರು ವರ್ಷದಲ್ಲಿ ನಕ್ಷೆ ತಾನೇ ಮಾತಾಡತೊಡಗಿತು. ಟಿಕಳಿಗಳು ಎಲ್ಲೆಂದರಲ್ಲಿ ಬೀಳಲಿಲ್ಲ, ಸಾಲು ಹಿಡಿದವು. ಶಾಂತ ಸಾಗರದ ಸುತ್ತ ಒಂದು ದೊಡ್ಡ ಬಳೆ, ಹಿಮಾಲಯದ ಬುಡದಲ್ಲಿ ಒಂದು ಪಟ್ಟಿ, ಅಟ್ಲಾಂಟಿಕ್ ಸಾಗರದ ನಡುವೆ ಮೇಲಿನಿಂದ ಕೆಳಗೆ ಒಂದು ಡೊಂಕು ಗೆರೆ. ನಮ್ಮ ಮನೆಯ ಕನ್ನಡಿಯಲ್ಲೂ ಟಿಕಳಿಯೆಲ್ಲ ಅಂಚಿಗೇ ಇರುತ್ತವೆ, ನಡುವೆ ಹಚ್ಚಿದರೆ ಮುಖ ಕಾಣುವುದಿಲ್ಲವಲ್ಲ. ಮಕ್ಕಳಿಗೆ ಅದನ್ನು ಹೇಳಿ ನಗಿಸಿ, ಆಮೇಲೆ ಕೇಳುತ್ತಿದ್ದೆ: ಕನ್ನಡಿಯ ಅಂಚಿಗೆ ನಾವು ಹಚ್ಚುತ್ತೇವೆ, ಭೂಮಿಯ ಅಂಚಿಗೆ ಹಚ್ಚುವವರು ಯಾರು?

ಆಗ ಡಬ್ಬಿಯಿಂದ ಒಂದು ಕಡಕ್ ರೊಟ್ಟಿ ತೆಗೆದು ಮೇಜಿನ ಮೇಲೆ ಮುರಿಯುತ್ತಿದ್ದೆ. ಭೂಮಿಯ ಮೇಲ್ಪದರ ಒಂದೇ ಇಡಿಯಲ್ಲ, ಹೀಗೆ ತುಂಡುತುಂಡು. ಒಂದೊಂದು ತುಂಡೂ ಒಂದು ಭೂಫಲಕ. ಕೆಳಗಿನ ಬಿಸಿ ಬಂಡೆ ಬಹಳ ನಿಧಾನಕ್ಕೆ ಹರಿದಾಡುವುದರಿಂದ ಇವೂ ಸರಿಯುತ್ತವೆ, ನಮ್ಮ ಉಗುರು ಬೆಳೆಯುವಷ್ಟು ನಿಧಾನಕ್ಕೆ. ತುಂಡಿನ ನಡುಭಾಗಕ್ಕೆ ಏನೂ ತಾಪತ್ರಯವಿಲ್ಲ, ಅದು ಆರಾಮಾಗಿ ಸವಾರಿ ಹೋಗುತ್ತದೆ. ತಿಕ್ಕಾಟವೆಲ್ಲ ಅಂಚಿನದು. ಎರಡು ಅಂಚು ಒಂದಕ್ಕೊಂದು ಕಚ್ಚಿಕೊಂಡು ವರ್ಷಗಟ್ಟಲೆ ನಿಂತು, ಒಂದು ದಿನ ಒಮ್ಮೆಲೇ ಜಾರಿದರೆ ಭೂಕಂಪ. ಸಾಗರದ ತುಂಡು ಇನ್ನೊಂದರ ಕೆಳಗೆ ತೂರಿದರೆ ತನ್ನ ಜೊತೆ ನೀರನ್ನೂ ಎಳೆದೊಯ್ಯುತ್ತದೆ. ನೀರು ಸೇರಿದ ಬಿಸಿ ಬಂಡೆ ಬೇಗ ಕರಗುತ್ತದೆ, ಕರಗಿದ್ದು ಮೇಲೇರುತ್ತದೆ, ಅದೇ ಜ್ವಾಲಾಮುಖಿ. ಎರಡು ತುಂಡು ದೂರ ಸರಿದರೂ ಅಷ್ಟೇ, ನಡುವಿನ ಬಿರುಕಿಗೆ ಕೆಳಗಿನದು ಕರಗಿ ಬರುತ್ತದೆ. ಹಾಗಾದರೆ ಹಿಮಾಲಯದಲ್ಲಿ ಯಾಕೆ ಬರೀ ಕರಿ ಟಿಕಳಿ, ಕೆಂಪು ಯಾಕಿಲ್ಲ ಎಂದು ಯಾವುದಾದರೂ ಮಗು ಕೇಳಿದರೆ ನನಗೆ ಹಬ್ಬ. ಅಲ್ಲಿ ಎರಡೂ ದಪ್ಪ ನೆಲದ ತುಂಡುಗಳು; ಯಾವುದೂ ಇನ್ನೊಂದರ ಕೆಳಗೆ ಆಳಕ್ಕೆ ಹೋಗಲು ಒಪ್ಪುವುದಿಲ್ಲ, ಗುದ್ದಾಡಿ ಎತ್ತರಕ್ಕೆ ಏಳುತ್ತವೆ. ಪಾಠ ಮುಗಿದ ಮೇಲೆ ಭೂಫಲಕಗಳನ್ನು ಮಕ್ಕಳು ತಿನ್ನುತ್ತಿದ್ದರು.

ಆ ಜೂನಿನಲ್ಲಿ ನಮ್ಮ ಶಾಲೆಗೆ ಸಮಾಜ ವಿಜ್ಞಾನಕ್ಕೇ ಇನ್ನೊಬ್ಬ ಶಿಕ್ಷಕಿ ಬಂದಳು. ತವರು ಪಾರಿಶ್ವಾಡ, ಗಂಡನ ಮನೆ ನೆಹರು ನಗರ, ಅದೂ ನನ್ನ ಗೆಳತಿಯ ಓಣಿಯಲ್ಲೇ. ಮೂವತ್ತರ ಆಸುಪಾಸು. ಹೆಡ್‌ಮಾಸ್ತರರು ನನಗೆ ಭಾರ ಕಡಿಮೆ ಮಾಡುತ್ತೇವೆ ಎಂದು ನಗುತ್ತಲೇ ಎಂಟನೆಯ ತರಗತಿಯನ್ನು ಅವಳಿಗೆ ಕೊಟ್ಟರು. ಭಾರವಾಗಿದೆ ಎಂದು ಇವರ ಹತ್ತಿರ ನಾನು ಯಾವಾಗ ಅತ್ತಿದ್ದೆ? ತರಗತಿಯ ಜೊತೆ ನಕ್ಷೆಯೂ ಹೋಯಿತು.

ಮರುದಿನ ಮೂರನೇ ಗೇಟಿನಲ್ಲಿ ಬಸ್ಸು ಹತ್ತಿ ನೋಡುತ್ತೇನೆ, ನನ್ನ ಕಿಟಕಿಯಲ್ಲಿ ಹೊಸಬಳು. ನನ್ನನ್ನು ಕಂಡು ತಟ್ಟನೆ ಎದ್ದು ನಿಂತಳು. ‘ಬರ್ರಿ ಬಾಯಾರ, ಕುಂದರ್ರಿ’ ಎಂದಳು; ನಮ್ಮ ಕಡೆ ಶಿಕ್ಷಕಿಯೆಂದರೆ ಬಾಯಾರು. ನಾನು ಬೇಡ ಎಂದೆ. ಬೇಡ ಎಂದರೆ ಇನ್ನೊಮ್ಮೆ ಕರೆಯುತ್ತಾರೆ ಎಂಬ ಲೆಕ್ಕ ನನ್ನದು. ಅವಳು ಕರೆದಳು, ನಾನು ಮತ್ತೆ ಬೇಡ ಎಂದೆ. ಗೆಳತಿ, ಹೋಗಲಿ ಬಿಡು, ಆಕೆಗೆ ಬಸ್ಸಿನಲ್ಲಿ ತಲೆ ಸುತ್ತುತ್ತದೆ ಎಂದಳು. ನನಗೇನು ಸುತ್ತುವುದಿಲ್ಲವೇ? ಖಾನಾಪುರದವರೆಗೆ ಕಂಬಿ ಹಿಡಿದು ನಿಂತು, ಅವರಿಬ್ಬರ ನಡುಬೈತಲೆ ನೋಡುತ್ತ ಹೋದೆ.

ಹೊಸಬಳಲ್ಲಿ ತಪ್ಪು ಹುಡುಕಲು ನಾನು ಪಟ್ಟ ಪಾಡು ನನಗೇ ಗೊತ್ತು. ಸಿಗಲೊಲ್ಲದು. ಮನೆಯಲ್ಲಿ ಮರಾಠಿ ಆಡುವ ಮಕ್ಕಳಿಗೆ ಕನ್ನಡದ ಪಾಠ ತಿಳಿಯದಿದ್ದರೆ ಅವಳು ಸರಕ್ಕನೆ ಮರಾಠಿಗೆ ಹೊರಳಿ ತಿಳಿಸಿ ಮತ್ತೆ ಕನ್ನಡಕ್ಕೆ ಬರುತ್ತಿದ್ದಳು. ಬೆಳಗಾವಿಯಲ್ಲಿ ಮೂವತ್ತು ವರ್ಷವಾದರೂ ನನ್ನ ಮರಾಠಿ ತರಕಾರಿ ಕೊಳ್ಳುವಷ್ಟರದೇ. ಎರಡನೆಯ ವಾರ ಅವಳು ಡಬ್ಬಿ ತೆರೆದು, ಇದರಲ್ಲಿ ಬಳ್ಳೊಳ್ಳಿ ಹಾಕಿಲ್ಲ ಎಂದು ಗುರೆಳ್ಳು ಚಟ್ನಿಯನ್ನು ಗೆಳತಿಯ ಕಡೆ ಸರಿಸಿದಳು. ಗೆಳತಿ ರೊಟ್ಟಿಗೆ ಹಚ್ಚಿಕೊಂಡು ತಿಂದು, ಇಂಥ ಚಟ್ನಿ ತಾನು ತಿಂದೇ ಇಲ್ಲ ಎಂದಳು. ತಿಂದೇ ಇಲ್ಲವಂತೆ! ಹನ್ನೊಂದು ವರ್ಷ ನಾನು ಏನು ಮಣ್ಣು ತಿನ್ನಿಸಿದ್ದೆನೋ. ಮನೆಗೆ ಬಂದವಳೇ ಒರಳಿನ ಮುಂದೆ ಕೂತು ಗುರೆಳ್ಳು ಕುಟ್ಟಿದೆ, ಅದು ಚಟ್ನಿಯಾಗದೆ ಎಣ್ಣೆ ಬಿಟ್ಟು ಮುದ್ದೆಯಾಯಿತು.

ಸೆಪ್ಟೆಂಬರ್‌ನಲ್ಲಿ ಸುತ್ತಲಿನ ಶಾಲೆಗಳ ಶಿಕ್ಷಕರ ಸಮಾಲೋಚನಾ ಸಭೆ ನಮ್ಮಲ್ಲಿ ನಡೆಯಬೇಕಿತ್ತು. ಎಲ್ಲರೆದುರು ಒಬ್ಬರು ಮಾದರಿ ಪಾಠ ಮಾಡಬೇಕು. ಹೆಡ್‌ಮಾಸ್ತರರು ಹೊಸಬಳ ಹೆಸರು ಹೇಳಿದರು. ಪಾಠ ಯಾವುದು ಗೊತ್ತೇ? ನನ್ನ ಟಿಕಳಿಯ ಪಾಠ. ಅವಳು ನನ್ನ ಹತ್ತಿರ ಬಂದು, ನಿಮ್ಮ ನಕ್ಷೆ ತೋರಿಸಬಹುದೇ ಎಂದು ಕೈಕಟ್ಟಿ ಕೇಳಿದಳು. ತೋರಿಸಿ ಎಂದು ಹಲ್ಲು ಬಿಟ್ಟೆ. ಆಗ ಗೆಳತಿ ತನ್ನ ಚೀಲದಿಂದ ಕರಿ, ಕೆಂಪು ಟಿಕಳಿಯ ಹೊಸ ಪಾಕೀಟುಗಳನ್ನು ತೆಗೆದು, ನನ್ನ ಕಣ್ಣೆದುರೇ ಅವಳ ಕೈಯಲ್ಲಿಟ್ಟಳು.

ಸಭೆಯ ಹಿಂದಿನ ದಿನ ಶಾಲೆ ಬಿಟ್ಟ ಮೇಲೆ ಅವರಿಬ್ಬರೂ ಬಸ್ಸಿಗೆ ಹೋದರು. ನನಗೆ ಉತ್ತರಪತ್ರಿಕೆ ನೋಡುವುದಿದೆ ಎಂದು ಸುಳ್ಳು ಹೇಳಿ ಹಿಂದುಳಿದೆ. ಎಂಟನೆಯ ತರಗತಿಯಲ್ಲಿ ಯಾರೂ ಇರಲಿಲ್ಲ. ಹೊರಗೆ ಮೋಡ ಕವಿದಿತ್ತು, ಕೋಣೆಯಲ್ಲಿ ಮಬ್ಬು. ನಕ್ಷೆಯ ಮುಂದೆ ನಿಂತೆ. ನಾಳೆ ಅವಳು ಮಕ್ಕಳನ್ನು ಕೇಳುತ್ತಾಳೆ, ಟಿಕಳಿ ಎಲ್ಲೆಲ್ಲಿ ಇವೆ ಎಂದು. ಮಕ್ಕಳು ಅಂಚಿನಲ್ಲಿ ಎನ್ನುತ್ತಾರೆ. ಎಲ್ಲ ಮಾಸ್ತರರು ತಲೆದೂಗುತ್ತಾರೆ. ನನ್ನ ಹನ್ನೊಂದು ವರ್ಷಕ್ಕೆ ಅವಳಿಗೆ ಚಪ್ಪಾಳೆ. ಇದಿಷ್ಟನ್ನೂ ನಿಂತಲ್ಲೇ ಕಂಡೆ. ಪರ್ಸಿನಲ್ಲಿ ನನ್ನದೇ ಟಿಕಳಿಯ ಪಾಕೀಟಿತ್ತು. ಒಂದನ್ನು ಕಿತ್ತು ಆಫ್ರಿಕಾದ ನಡುವೆ ಹಚ್ಚಿದೆ. ಒಂದು ಬ್ರೆಜಿಲ್‌ನಲ್ಲಿ, ಒಂದು ಆಸ್ಟ್ರೇಲಿಯಾದ ನಡುವೆ, ಒಂದು ರಷ್ಯಾದ ಒಳಗೆ. ಐದನೆಯದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತು, ನಮ್ಮ ಊರಿನ ಮೇಲೆ, ಬೆಳಗಾವಿ ಖಾನಾಪುರ ಎರಡೂ ಮುಚ್ಚುವಂತೆ ಒತ್ತಿದೆ. ಆ ಸಂಜೆ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಹಾಯಾಗಿ ನಿದ್ದೆ ಮಾಡಿದೆ.

ಮರುದಿನ ಬಿಸಿಲು ಬಿದ್ದಿತ್ತು. ತರಗತಿಯ ಹಿಂದೆ ಮೂರು ಸಾಲು ಶಿಕ್ಷಕರು. ನಾನು ಗೆಳತಿಯ ಪಕ್ಕದಲ್ಲಿ. ಹೊಸಬಳು ಕನ್ನಡಿಯ ಮಾತು ಹೇಳಿದಳು, ರೊಟ್ಟಿ ಮುರಿದಳು, ಇವೆರಡೂ ನಮ್ಮ ಹಿರಿಯ ಬಾಯಾರ ಪಾಠದವು ಎಂದು ನನ್ನ ಕಡೆ ಕೈ ತೋರಿಸಿಯೂ ಹೇಳಿದಳು. ಅದು ನನಗೆ ಇನ್ನಷ್ಟು ಸಿಟ್ಟು ತರಿಸಿತು. ಟಿಕಳಿ ಎಲ್ಲೆಲ್ಲಿ ಇವೆ ಎಂದು ಕೇಳಿದಳು. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, ಅಂಚಿನಲ್ಲಿ ಇವೆ, ಆದರೆ ಐದು ನಡುವೆ ಇವೆ, ಅವು ಕೆಂಪೂ ಅಲ್ಲ ಕರಿಯೂ ಅಲ್ಲ ಎಂದಳು.

ಮಬ್ಬಿನಲ್ಲಿ ನಾನು ಬಣ್ಣ ನೋಡಿರಲಿಲ್ಲ. ನಾನು ಹಣೆಗೆ ಹಚ್ಚುವುದು ಕುಸುರಿ ಅಂಚಿನ ಮರೂನ್ ಬಣ್ಣದ್ದು. ಬಿಸಿಲಿನಲ್ಲಿ ಐದೂ ಎದ್ದು ಕಾಣುತ್ತಿದ್ದವು.

ಹೊಸಬಳು ನಕ್ಷೆಯ ಹತ್ತಿರ ಹೋಗಿ ನೋಡಿದಳು. ಈಗ ತೊದಲುತ್ತಾಳೆ, ಈಗ ಬೆವರುತ್ತಾಳೆ ಎಂದು ನಾನು ಕಾಯುತ್ತ ಕೂತೆ. ಅವಳು ಮಕ್ಕಳ ಕಡೆ ತಿರುಗಿದಳು.

‘ಇದು ನನಗ ಗೊತ್ತಿಲ್ಲ,’ ಎಂದಳು. ‘ಈ ನಕ್ಷಾ ಮಾಡಿದ ಬಾಯಾರು ಇಲ್ಲೇ ಅದಾರ. ಹನ್ನೊಂದು ವರ್ಷ ಒಂದೊಂದ ಸುದ್ದಿ ಓದಿ ಹಚ್ಯಾರ, ಅವರು ಸುಳ್ಳು ಹಚ್ಚಾವರಲ್ಲ. ಬರ್ರಿ ಬಾಯಾರ, ನೀವ ಹೇಳ್ರಿ.’

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎದ್ದು ಮುಂದೆ ಹೋದೆ. ಅಲ್ಲಿಂದ ಬಾಗಿಲು ಹತ್ತಿರವೇ ಇತ್ತು, ಓಡಿಹೋಗಬಹುದಿತ್ತು. ಓಡಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದೆ: ಚೆನ್ನಾಗಿ ಪಾಠ ಮಾಡಿದೆ.

ಅಂಚಿನಲ್ಲಿ ಬಿದ್ದ ಒತ್ತಡ ಒಮ್ಮೊಮ್ಮೆ ಫಲಕದ ಒಳಗಿನವರೆಗೆ ಬರುತ್ತದೆ, ಅಲ್ಲಿ ಹಳೆಯ ಬಿರುಕುಗಳಿದ್ದರೆ ಅವು ಜಾರುತ್ತವೆ, ಆದ್ದರಿಂದ ಅಪರೂಪಕ್ಕೆ ನಡುವೆಯೂ ಭೂಕಂಪ ಆಗುತ್ತದೆ ಎಂದೆ. ಇದು ಖರೆ. ನಮ್ಮ ಬೆಳಗಾವಿಯ ಸುತ್ತಲಿನ ಕರಿಕಲ್ಲು ಒಂದು ಕಾಲದಲ್ಲಿ ಹರಿದ ಲಾವಾ, ಆಗಲೂ ನಮ್ಮ ಊರು ಯಾವ ಅಂಚಿನಲ್ಲೂ ಇರಲಿಲ್ಲ, ಆಳದಿಂದ ಬಿಸಿ ಎದ್ದು ನೆಲ ಬಿರಿದಿತ್ತು ಎಂದೆ. ಇದೂ ಖರೆ. ಅಂಥ ನಡುವಿನ ಭೂಕಂಪಗಳಿಗೆಂದೇ ಬೇರೆ ಬಣ್ಣದ ಟಿಕಳಿ ಹಚ್ಚಿದ್ದೇನೆ ಎಂದೆ. ಖರೆಯ ಎರಡು ಮಾತಿನ ಹಿಂದೆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ನನಗೇ ಅದು ಬೇರೆ ಅನಿಸಲಿಲ್ಲ. ಹಾಗಾದರೆ ನಮ್ಮ ಊರಿನಲ್ಲೂ ದೊಡ್ಡ ಭೂಕಂಪ ಆಗಿತ್ತೇ ಎಂದು ಆ ಹುಡುಗಿ ಕೇಳಿದಳು. ಬಹಳ ಹಿಂದೆ ಆಗಿತ್ತು ಎಂದೆ. ಮಕ್ಕಳು ಬರೆದುಕೊಂಡರು. ಹೊಸಬಳೂ ಬರೆದುಕೊಂಡಳು. ಚಪ್ಪಾಳೆ ಬಿತ್ತು, ಮೂರು ತಿಂಗಳಿನಿಂದ ನಾನು ಬೇಡಿದ್ದ ಚಪ್ಪಾಳೆ.

ನನ್ನ ಗೆಳತಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವಳು ನಕ್ಷೆಯನ್ನು ನೋಡಿದಳು, ಆಮೇಲೆ ನನ್ನ ಹಣೆಯನ್ನು ನೋಡಿದಳು.

ಅವತ್ತಿನಿಂದ ಅವಳು ನನ್ನೊಡನೆ ಮಾತು ಬಿಟ್ಟಳು. ಜಗಳವಿಲ್ಲ, ಮುನಿಸಿಲ್ಲ, ಹೌದು, ಅಲ್ಲ, ಅಷ್ಟೇ. ಜೈನರ ದಶಲಕ್ಷಣದ ಹತ್ತು ದಿನ ಶುರುವಾಗಿದ್ದವು. ಅವಳು ಒಪ್ಪೊತ್ತು ಮಾಡುತ್ತಿದ್ದಳು, ಮಧ್ಯಾಹ್ನ ಡಬ್ಬಿ ತೆರೆಯುತ್ತಿರಲಿಲ್ಲ. ವ್ರತದಿಂದಾಗಿ ಸುಮ್ಮನಿದ್ದಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಮುಂಜಾನೆ ಎದ್ದು ಎರಡನೆಯ ಒಗ್ಗರಣೆ ಹಾಕುತ್ತಿದ್ದೆ, ಸಂಜೆ ಅದನ್ನು ನಾನೇ ತಿನ್ನುತ್ತಿದ್ದೆ. ಹೊಸಬಳೊಡನೆ ಅವಳು ಮೊದಲಿನಂತೆಯೇ ಮಾತಾಡುತ್ತಿದ್ದಳು. ಸೀಟು ಹೋದರೆ ಹೋಗಲಿ, ಅವಳೇ ಕೈಬಿಟ್ಟು ಹೋಗುತ್ತಾಳೆ ಎಂದು ಮೊದಲ ಸಲ ಹೆದರಿದೆ.

ದಶಲಕ್ಷಣ ಮುಗಿದ ಮೇಲೆ ಕ್ಷಮಾವಾಣಿ. ಅಂದು ಅವರು ಮನೆಯವರು, ನೆರೆಯವರು ಎನ್ನದೆ ಎಲ್ಲರ ಮುಂದೆ ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುತ್ತಾರೆ. ಪ್ರತಿವರ್ಷ ಅವಳು ನನ್ನ ಮುಂದೆ ಕೈಮುಗಿದಾಗ, ನೀನೇನು ಮಾಡಿದ್ದೀ ಪಾಪ, ಗಣಿತ ಕಲಿಸಿದ್ದೇ ದೊಡ್ಡ ತಪ್ಪು ಎಂದು ನಾನು ಕಾಡುತ್ತಿದ್ದೆ. ಆ ವರ್ಷ ಮೂರನೇ ಗೇಟಿನಲ್ಲಿ ಬಸ್ಸು ಹತ್ತಿ ನೋಡಿದರೆ, ಕಿಟಕಿಯ ಸೀಟಿನ ಮೇಲೆ ಡಬ್ಬಿಯ ಚೀಲ. ಹೊಸಬಳು ಹಿಂದಿನ ಸೀಟಿನಲ್ಲಿದ್ದಳು. ಚೀಲ ತೊಡೆಗೆ ಬಂತು, ನಾನು ಕಿಟಕಿಗೆ ಹೋದೆ. ಗೆದ್ದೆ ಎಂದುಕೊಂಡೆ, ಸುಳ್ಳೇಕೆ ಹೇಳಲಿ.

ಅವಳು ಕೈಮುಗಿದಳು. ನಾನು ಕಾಡಲು ಬಾಯಿ ತೆರೆದೆ.

‘ನಗಬ್ಯಾಡ,’ ಎಂದಳು ಮೆಲ್ಲಗೆ, ಹಿಂದಿನವರಿಗೆ ಕೇಳಿಸದ ಹಾಗೆ. ‘ಆ ಐದು ನಿನ್ನ ಹಣಿಮ್ಯಾಲಿನವು. ಅವತ್ತ ಗೊತ್ತಾತು, ಗೊತ್ತಿದ್ದೂ ನಾ ಸುಮ್ಮ ಕುಂತೆ. ಆ ಮುಂದಿನ ಬೆಂಚಿನ ಹುಡುಗಿ ಅವತ್ತಿನಿಂದ ಮನ್ಯಾಗ ಮಲಗವಲ್ಲದು, ಹೊರಗ ಕಟ್ಟಿಮ್ಯಾಲ ಮಲಗತೈತಿ. ಅವರದು ಮಣ್ಣಿನ ಗೋಡಿ, ಭೂಕಂಪ ಆದ್ರ ಬೀಳತಾವೇನ್ರಿ ಅಂತ ನನ್ನ ಕೇಳಿತು. ನಾ ಸುಮ್ಮ ಕುಂತಿದ್ದು ತಪ್ಪಾತು. ಅದಕ್ಕ ಕ್ಷಮಾ ಕೇಳತೀನಿ.’

ತನ್ನ ತಪ್ಪಿಗೆ ಕೇಳುತ್ತಿದ್ದಾಳೆ, ನನ್ನದಕ್ಕಲ್ಲ. ಅವಳು ಬೈದಿದ್ದರೆ ನಾನೂ ಬೈಯುತ್ತಿದ್ದೆ. ಸೀಟು, ಚಟ್ನಿ, ಪಾಕೀಟು ಎಲ್ಲ ಎಣಿಸಿ ಆಡುತ್ತಿದ್ದೆ, ಮೂರು ತಿಂಗಳಿನಿಂದ ಸಾಲುಸಾಲಾಗಿ ಜೋಡಿಸಿಟ್ಟುಕೊಂಡಿದ್ದೆ. ಕಿಟಕಿಯ ಕಡೆ ಮುಖ ಮಾಡಿದೆ. ಖಾನಾಪುರ ಬರುವವರೆಗೆ ಅವಳು ಕೈಯನ್ನು ನನ್ನ ಕೈಯ ಮೇಲಿಟ್ಟಿದ್ದಳು, ನಾನು ತೆಗೆಯಲಿಲ್ಲ.

ಮೊದಲ ಪಿರಿಯಡ್ಡಿಗೇ ಎಂಟನೆಯ ತರಗತಿಗೆ ಹೋಗಿ, ಪಾಠ ಮಾಡುತ್ತಿದ್ದ ಹೊಸಬಳ ಹತ್ತಿರ ಐದು ನಿಮಿಷ ಸಮಯ ಕೇಳಿದೆ. ಮಕ್ಕಳೆದುರು ನಿಂತು, ನಡುವಿನ ಐದು ಟಿಕಳಿ ನಾನು ಬೇಕಂತಲೇ ಹಚ್ಚಿದ್ದು, ಅಲ್ಲಿ ಯಾವ ಭೂಕಂಪದ ಸುದ್ದಿಯನ್ನೂ ನಾನು ಓದಿಲ್ಲ ಎಂದೆ. ನಡುವೆ ಅಪರೂಪಕ್ಕೆ ಆಗುತ್ತದೆ ಎಂಬುದು ಖರೆ, ಆದರೆ ನಮ್ಮ ಊರಿನಲ್ಲಿ ಆಗಿತ್ತು ಎಂದದ್ದು ಸುಳ್ಳು, ಹೊಡೆದು ಹಾಕಿರಿ ಎಂದೆ. ಯಾಕೆ ಹಚ್ಚಿದಿರಿ ಎಂದು ಮಕ್ಕಳು ಕೇಳದೆ ಬಿಡುತ್ತಾರೆಯೇ? ನಿಮ್ಮ ಹೊಸ ಬಾಯಾರನ್ನು ಕಂಡು ಹೊಟ್ಟೆಕಿಚ್ಚಾಗಿತ್ತು ಎಂದೆ. ಒಂದಿಬ್ಬರು ನಕ್ಕರು. ಮುಂದಿನ ಬೆಂಚಿನ ಹುಡುಗಿಗೆ, ಇವತ್ತು ಒಳಗೆ ಮಲಗು ಎಂದೆ. ತಲೆಯಾಡಿಸಿ ವಹಿಯಲ್ಲಿ ಆ ಸಾಲಿಗೆ ಗೆರೆ ಹೊಡೆದಳು.

ಹೊಸಬಳು ಹೊರಗೆ ಬಂದು ನನ್ನ ಮುಂದೆ ನಿಂತಳು. ಕಣ್ಣು ತುಂಬಿತ್ತು. ‘ನಾ ನಿಮ್ಮನ್ನ ಪೂರಾ ನಂಬಿದ್ದೆ ರೀ ಬಾಯಾರ,’ ಎಂದಳು. ಆ ಮಾತು, ಇದಕ್ಕಾಗಿ ಆಮೇಲೆ ಹೆಡ್‌ಮಾಸ್ತರರು ಕೊಟ್ಟ ನೋಟೀಸಿಗಿಂತ ಜೋರಾಗಿತ್ತು. ಮುಂದಿನ ಸಭೆಯಲ್ಲಿ ಎಲ್ಲ ಶಿಕ್ಷಕರ ಮುಂದೆಯೂ ಅದನ್ನೇ ಹೇಳಿದೆ. ಅಲ್ಲಿ ಯಾರೂ ನಗಲಿಲ್ಲ.

ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಇಲ್ಲ. ಈಗ ಮೂವರು ಕೂರುವ ಸೀಟು ಹಿಡಿಯುತ್ತೇವೆ. ಹೊಸಬಳಿಗೆ ತಲೆ ಸುತ್ತುತ್ತದೆಂದು ಕಿಟಕಿ ಅವಳಿಗೆ, ಗೆಳತಿ ನಡುವೆ, ನಾನು ಓಡಾಡುವವರ ಮೊಣಕೈ ತಿನ್ನುತ್ತ ಈ ಬದಿಗೆ. ಅವರಿಬ್ಬರೂ ನನಗೆ ಕೇಳಿಸದ ಹಾಗೆ ಏನಾದರೂ ಹೇಳಿಕೊಂಡು ನಕ್ಕರೆ ಇವತ್ತಿಗೂ ಒಳಗೊಳಗೆ ಚುರುಕ್ಕೆನ್ನುತ್ತದೆ. ಗುರೆಳ್ಳು ಚಟ್ನಿ ಕುಟ್ಟುವುದನ್ನು ಹೊಸಬಳಿಂದಲೇ ಕಲಿತೆ, ಮುಖ ಗಂಟು ಹಾಕಿಕೊಂಡೇ.

ಆ ಐದು ಟಿಕಳಿಗಳನ್ನು ಅವತ್ತೇ ಕಿತ್ತೆ. ಆದರೆ ಟಿಕಳಿಯ ಗೋಂದು ಹೋಗುವಂಥದ್ದಲ್ಲ; ಅದಕ್ಕೆ ಧೂಳು ಕೂತು ಐದು ಕಪ್ಪು ಉಂಗುರಗಳಾಗಿವೆ. ಸೀಮೆಎಣ್ಣೆ ಹಚ್ಚಿ ತಿಕ್ಕಿದೆ, ನಕ್ಷೆಯ ಬಣ್ಣ ಹೋಯಿತೇ ಹೊರತು ಉಂಗುರ ಹೋಗಲಿಲ್ಲ. ಪಾಠದ ದಿನ ಹೊಸಬಳು ನನ್ನನ್ನೂ ಕರೆಯುತ್ತಾಳೆ, ರೊಟ್ಟಿ ಮುರಿಯಲು. ಆಫ್ರಿಕಾ, ಆಸ್ಟ್ರೇಲಿಯಾದ ಗೊಡವೆ ಮಕ್ಕಳಿಗೆ ಬೇಡ. ಅವರು ಮೊದಲು ಹುಡುಕುವುದು ತಮ್ಮ ಊರನ್ನು, ಅಲ್ಲಿ ಬೆರಳಿಡುತ್ತಾರೆ.

‘ಇಲ್ಲೇನಾಗಿತ್ರೀ ಬಾಯಾರ?’

ಗೆಳತಿಯ ತರಗತಿ ಪಕ್ಕದ್ದೇ. ಗೋಡೆಯಾಚೆ ಅವಳ ಸೀಮೆಸುಣ್ಣದ ಸದ್ದು ನಿಲ್ಲುತ್ತದೆ.

‘ಏನೂ ಆಗಿರಲಿಲ್ಲ,’ ಎನ್ನುತ್ತೇನೆ, ಅವಳಿಗೂ ಕೇಳಿಸುವ ಹಾಗೆ. ‘ನಾ ಸುಳ್ಳು ಹಚ್ಚಿದ್ದೆ.’